ಸರ್ವರಿನ ವೇಗ ಯಾರ ಕೈಯಲ್ಲಿದೆ?

ನವಿ ಮುಂಬೈಯ ಸಾನಪಾಡಾದಿಂದ ಠಾಣೆ ಲೋಕಲ್ ಹತ್ತಿದರೆ ತುರ್ಭೆ, ಘಣಸೋಲಿ ದಾಟಿ ರಬಾಳೆ, ಐರೋಲಿ ಬರುತ್ತವೆ. ಕಾರ್ಖಾನೆಗಳ ಈ ಪಟ್ಟಿಯಲ್ಲಿ ಈಗ ಡೇಟಾ ಸೆಂಟರುಗಳೂ ಎದ್ದಿವೆ. ಇಂಥಲ್ಲಿ ಸರ್ವರ್ ಬಾಡಿಗೆಗೆ ಹಿಡಿಯುವವರು ಎಕ್ಸ್‌86 ಪ್ರೊಸೆಸರ್ ಮೇಲೋ ಆರ್ಮ್ ಪ್ರೊಸೆಸರ್ ಮೇಲೋ ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ಇನ್‌ಸ್ಟ್ರಕ್ಷನ್ ಸೆಟ್ಟಿನ, ಅಂದರೆ ಪ್ರೊಸೆಸರಿಗೆ ತಿಳಿಯುವ ಆಜ್ಞೆಗಳ ಗುಂಪಿನ, ಕುಲಗೋತ್ರಕ್ಕೆ ಇಷ್ಟು ಮಹತ್ವ ಬೇಕಿಲ್ಲ.

ಒಂದು ಕಾಲದಲ್ಲಿ ಬೇಕಿತ್ತು. ವ್ಯಾಕ್ಸ್ ಎಂಬ ಕಂಪ್ಯೂಟರಿನ 'ಇಂಡೆಕ್ಸ್' ಎಂಬ ಜಟಿಲ ಇನ್‌ಸ್ಟ್ರಕ್ಷನ್‌ಗಿಂತ, ಅದೇ ಕೆಲಸವನ್ನು ಸರಳ ಇನ್‌ಸ್ಟ್ರಕ್ಷನ್‌ಗಳಲ್ಲಿ ಬಿಡಿಸಿ ಬರೆದರೆ ಬೇಗ ಮುಗಿಯುತ್ತದೆ ಎಂದು 1980ರಲ್ಲಿ ಸಂಶೋಧಕರಾದ ಪ್ಯಾಟರ್ಸನ್ ಮತ್ತು ಡಿಟ್ಜೆಲ್ ತೋರಿಸಿದರು. ಆದರೆ ಎಕ್ಸ್‌86 ಕುಲದ್ದೇ ಆದ 1995ರ ಪೆಂಟಿಯಮ್ ಪ್ರೊ ಪ್ರೊಸೆಸರ್ ಹಳೆಯ ಇನ್‌ಸ್ಟ್ರಕ್ಷನ್‌ಗಳನ್ನು ತನ್ನೊಳಗೇ ಚಿಕ್ಕ ಕ್ರಿಯೆಗಳಾಗಿ ಒಡೆಯತೊಡಗಿತು; ಜಟಿಲ, ಸರಳ ಕುಲಗಳ ಅಂತರ ಕುಗ್ಗಿತು. ಪೂರ್ತಿ ಅಳಿಯಲಿಲ್ಲ, ನಿಜ. ಎಕ್ಸ್‌86 ಇನ್‌ಸ್ಟ್ರಕ್ಷನ್ 1ರಿಂದ 15 ಬೈಟ್‌ವರೆಗೆ ಎಷ್ಟಾದರೂ ಇರಬಹುದು. 64 ಬಿಟ್ ಆರ್ಮ್‌ನಲ್ಲಿ ಎಲ್ಲವೂ 4 ಬೈಟ್. ಹಾಗಾಗಿ ಹಲವನ್ನು ಒಟ್ಟಿಗೆ ಬಿಡಿಸಿ ಓದುವುದು ಆರ್ಮ್‌ಗೆ ಸಲೀಸು. 2020ರ ಆಪಲ್ ಎಂ1 ಪ್ರೊಸೆಸರ್ ಇದರ ಲಾಭ ಪಡೆದಿದೆ.

ದೊಡ್ಡ ಲಾಭ ಇರುವುದು ಬೇರೆ ಕಡೆ: ನಿರ್ದಿಷ್ಟ ಕೆಲಸಕ್ಕೆಂದೇ ಸೇರಿಸಿದ ಇನ್‌ಸ್ಟ್ರಕ್ಷನ್‌ಗಳಲ್ಲಿ. ತರಕಾರಿ ಅಂಗಡಿಯಲ್ಲಿ ಫೋನಿನಿಂದ ಹಣ ಕೊಟ್ಟರೂ ವಿವರ ಗೂಢಲಿಪಿಯಾಗಿಯೇ ಹೋಗಬೇಕು. ಎಇಎಸ್-128 ಪದ್ಧತಿಯಲ್ಲಿ 16 ಬೈಟ್‌ಗಳ ಒಂದೊಂದು ತುಂಡೂ 10 ಸುತ್ತು ಹಾದುಬರುತ್ತದೆ. ಮೊದಲೆಲ್ಲ ಪ್ರತಿ ಸುತ್ತಿಗೂ 16 ಸಲ ಮೆಮೊರಿಯ ಕೋಷ್ಟಕ ನೋಡಬೇಕಿತ್ತು. 2010ರಲ್ಲಿ ಇಂಟೆಲ್ ಪ್ರೊಸೆಸರ್‌ಗಳಿಗೆ ಸುತ್ತಿಗೊಂದೇ ಇನ್‌ಸ್ಟ್ರಕ್ಷನ್ ಬಂತು. ಕೋಷ್ಟಕ ನೋಡುವ ಸಮಯದ ಏರುಪೇರಿನಿಂದ ಕೀಲಿಯನ್ನು ಊಹಿಸುವ ಕಳ್ಳದಾರಿಯೂ ಮುಚ್ಚಿತು.

ನಮ್ಮ ಲಿಪಿಯನ್ನೇ ನೋಡಿ. ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ 3 ಬೈಟ್. 'ಕನ್ನಡ' ಎಂದರೆ ಒತ್ತಿನ ಹಲಂತವೂ ಸೇರಿ 5 ಸಂಕೇತ, 15 ಬೈಟ್. ಇಂಗ್ಲಿಷಿಗೆ ಅಕ್ಷರಕ್ಕೆ ಒಂದೇ ಬೈಟ್ ಸಾಕು. ಒಂದೊಂದೇ ಬೈಟ್ ಪರೀಕ್ಷಿಸುವ ಪ್ರೋಗ್ರಾಮಿನಲ್ಲಿ ಕನ್ನಡ ಪಠ್ಯ ಹೆಚ್ಚು ದಂಡ ತೆರುತ್ತದೆ. 128 ಬಿಟ್‌ನ, ಅಂದರೆ 16 ಬೈಟ್‌ನ, ವೆಕ್ಟರ್ ರಿಜಿಸ್ಟರಿನಲ್ಲಾದರೋ ಇಡೀ ಪದ ಒಟ್ಟಿಗೆ ಕೂರುತ್ತದೆ, ತಪಾಸಣೆಯೂ ಒಟ್ಟಿಗೇ ನಡೆಯುತ್ತದೆ. ಈ ಸೌಕರ್ಯ ಎಕ್ಸ್‌86ನಲ್ಲೂ ಇದೆ, ಆರ್ಮ್‌ನಲ್ಲೂ ಇದೆ.

ಇದ್ದೂ ಬಳಸದಿರುವುದೇ ನಷ್ಟ. ಎಲ್ಲ ಯಂತ್ರದಲ್ಲೂ ಓಡಲಿ ಎಂದು ಎಷ್ಟೋ ಪ್ರೋಗ್ರಾಮುಗಳನ್ನು ಇಂದಿಗೂ 2003ರ ಮೂಲ 64 ಬಿಟ್ ಎಕ್ಸ್‌86ಗೆ ಹೊಂದಿಸಿಯೇ ಕಂಪೈಲ್ ಮಾಡುತ್ತಾರೆ. ಹೊಸ ಇನ್‌ಸ್ಟ್ರಕ್ಷನ್‌ಗಳು ಸುಮ್ಮನೆ ಬಿದ್ದಿರುತ್ತವೆ. ಆದ್ದರಿಂದ ಸರ್ವರ್ ಹಿಡಿಯುವ ಮುನ್ನ ನಿಮ್ಮ ಪ್ರೋಗ್ರಾಮನ್ನು ಆಯಾ ಪ್ರೊಸೆಸರಿಗೆ ತಕ್ಕಂತೆ ಮತ್ತೆ ಕಂಪೈಲ್ ಮಾಡಿ ಓಡಿಸಿ ನೋಡಿ. ಮಾರುವವರು ತೋರಿಸುವ ಅಂಕಿಗಳು ಅವರು ಆರಿಸಿಕೊಂಡ ಪ್ರೋಗ್ರಾಮುಗಳವು.