ಶಾಲೆಯ ಪರಿಸರ ಪಾಠ, ಮನೆಯ ಕೊಳವೆಬಾವಿ

ಜೂನ್ 5 ಬಂತೆಂದರೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಶಾಲಾ ಅಂಗಳಗಳಲ್ಲಿ ಸಸಿ ನೆಡುವ ಸಂಭ್ರಮ. ಭಾಷಣ, ಚಿತ್ರಸ್ಪರ್ಧೆ, ಪ್ರಮಾಣವಚನ ಎಲ್ಲವೂ ಇರುತ್ತವೆ. ಮುಂದಿನ ಬೇಸಿಗೆ ರಜೆಯಲ್ಲಿ ಆ ಸಸಿಗೆ ನೀರೆರೆಯುವವರು ಯಾರು ಎಂಬ ಪ್ರಶ್ನೆ ಮಾತ್ರ ಆಹ್ವಾನ ಪತ್ರಿಕೆಯಲ್ಲಿ ಇರುವುದಿಲ್ಲ.

ಪರಿಸರ ಶಿಕ್ಷಣ ನಮ್ಮಲ್ಲಿ ಇಲ್ಲವೆನ್ನುವಂತಿಲ್ಲ. ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲೇ ಅದನ್ನು ಕಡ್ಡಾಯಗೊಳಿಸಲು ನಿರ್ದೇಶಿಸಿತು. 2003ರಲ್ಲಿ ಮತ್ತೊಮ್ಮೆ ಸೂಚಿಸಬೇಕಾಯಿತು. 2001-02ರಲ್ಲಿ ಆರಂಭವಾದ ರಾಷ್ಟ್ರೀಯ ಹಸಿರು ಪಡೆಯ ಮೂಲಕ ಶಾಲೆಗಳಿಗೆ ಇಕೋ ಕ್ಲಬ್‌ಗಳೂ ಬಂದವು. ಕೊರತೆ ಇರುವುದು ಪಾಠಕ್ಕೂ ಮಗು ಬದುಕುವ ಮನೆಗೂ ನಡುವಿನ ನಂಟಿನಲ್ಲಿ.

ಅಂತರ್ಜಲವನ್ನು ಮಿತಿಮೀರಿ ಬಳಸಿದ ಪ್ರದೇಶಗಳ ಸರ್ಕಾರಿ ಪಟ್ಟಿಯಲ್ಲಿ ಈ ನಾಲ್ಕೂ ತಾಲ್ಲೂಕುಗಳು ಮತ್ತೆ ಮತ್ತೆ ಕಾಣಿಸಿಕೊಂಡಿವೆ. ವರ್ಷವಿಡೀ ಹರಿಯುವ ನದಿ ಇಲ್ಲಿಲ್ಲ. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟಿ ಗೌರಿಬಿದನೂರಿನತ್ತ ಸಾಗುವ ಉತ್ತರ ಪಿನಾಕಿನಿ ಮಳೆ ಬಂದಾಗಷ್ಟೇ ನದಿ. ಎಷ್ಟೋ ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ. ಆಳದ ನೀರಿನೊಂದಿಗೆ ಫ್ಲೋರೈಡ್ ಕೂಡ ಮೇಲೆ ಬರುತ್ತಿದೆ. ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸು ಎಂದು ಕಲಿತ ಮಗು ಮನೆಗೆ ಬಂದು ನೋಡುವುದು, ಕರೆಂಟ್ ಬಂದೊಡನೆ ತಾನಾಗಿ ಚಾಲೂ ಆಗುವ ಪಂಪ್‌ಸೆಟ್ಟನ್ನು. 10 ಅಶ್ವಶಕ್ತಿಯವರೆಗಿನ ಪಂಪ್‌ಗೆ ರಾಜ್ಯದಲ್ಲಿ 2008ರಿಂದ ವಿದ್ಯುತ್ ಉಚಿತ. ರೈತನನ್ನು ದೂರುವುದು ಸುಲಭ. ಸಾಲ ಮಾಡಿ ಬಾವಿ ಕೊರೆಸಿದವನಿಗೆ ನೀರು ನಿಂತರೆ ಬಡ್ಡಿ ನಿಲ್ಲುವುದಿಲ್ಲ. ಇಲ್ಲಿನ ದ್ರಾಕ್ಷಿ, ಹೂವಿನ ಬೆಳೆಗಾರರು ಹನಿ ನೀರಾವರಿಗೆ ಹೊರಳಿದ್ದಾರೆ ನಿಜ. ಅದನ್ನು ಕಲಿಸಿದ್ದು ಘೋಷಣೆಯಲ್ಲ, ಬತ್ತಿದ ಬಾವಿ.

ಆದ್ದರಿಂದ ಶಾಲೆ ಉಪದೇಶವನ್ನು ಕಡಿಮೆ ಮಾಡಿ ಲೆಕ್ಕವನ್ನು ಹೆಚ್ಚಿಸಬೇಕು. ಜಿಲ್ಲೆಯ ವಾರ್ಷಿಕ ಮಳೆ 700 ಮಿಲಿಮೀಟರ್ ಆಸುಪಾಸು ಎಂದಿಟ್ಟುಕೊಳ್ಳೋಣ. 100 ಚದರ ಮೀಟರ್ ಚಾವಣಿಯ ಮೇಲೆ ಬೀಳುವುದು 70 ಸಾವಿರ ಲೀಟರ್. ಐದರಲ್ಲಿ ಒಂದು ಪಾಲು ವ್ಯರ್ಥವಾದರೂ 56 ಸಾವಿರ ಉಳಿಯುತ್ತದೆ. 200 ಮಕ್ಕಳು ದಿನಕ್ಕೊಂದು ಲೀಟರಿನಂತೆ 220 ದಿನ ಕುಡಿದರೆ ಬೇಕಾಗುವುದು 44 ಸಾವಿರ. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಈ ಗುಣಾಕಾರ ಆರನೇ ತರಗತಿಯ ಮಗುವಿಗೆ ಕಷ್ಟವೇನಲ್ಲ. ತೊಟ್ಟಿ ಕಟ್ಟಿಸುವ ಹೊಣೆ ಇಲಾಖೆಯದು. ಮಳೆ ಅಳೆಯುವುದು, ಸೋಸುವ ಮರಳು ತೊಳೆಯುವುದು, ತೊಟ್ಟಿಯ ಮಟ್ಟ ಬರೆದಿಡುವುದು ಮಕ್ಕಳದಾಗಲಿ. ಅದೇ ಲೆಕ್ಕ ಮನೆಗೆ ಹೋದಾಗ ಅಪ್ಪ-ಅಮ್ಮಂದಿರು ಕಿವಿಗೊಡುತ್ತಾರೆ. ನೀತಿ ಹೇಳುವ ಮಗುವಿಗಿಂತ ಅಂಕಿ ತೋರಿಸುವ ಮಗುವಿನ ಬಾಯಿ ಮುಚ್ಚಿಸುವುದು ಕಷ್ಟ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿ 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆ ಕಟ್ಟಿದ ಎಚ್. ನರಸಿಂಹಯ್ಯನವರು ವಿದ್ಯಾರ್ಥಿಗಳಲ್ಲಿ ಬೆಳೆಸಬಯಸಿದ್ದು ಈ ಪ್ರಶ್ನಿಸುವ ಗುಣವನ್ನೇ.

ಪಾಠ ಊರಿಂದ ಊರಿಗೆ ಬದಲಾಗಬೇಕು. ರೇಷ್ಮೆಯ ಶಿಡ್ಲಘಟ್ಟದಲ್ಲಿ ಗೂಡು ಬೇಯಿಸುವ ನೀರು ಎಲ್ಲಿಗೆ ಹರಿಯುತ್ತದೆ, ಒಲೆಗೆ ಎಷ್ಟು ಸೌದೆ ಬೇಕು ಎಂಬುದು ಮಕ್ಕಳಿಗೆ ಮೊದಲೇ ಗೊತ್ತು. ಧ್ರುವ ಪ್ರದೇಶದ ಹಿಮಕರಡಿಯಿಂದ ಅಲ್ಲಿ ಪಾಠ ಆರಂಭಿಸಬೇಕಾಗಿಲ್ಲ.

ದೊಡ್ಡವರ ತಪ್ಪನ್ನೆಲ್ಲ ಮಕ್ಕಳ ಹೆಗಲಿಗೆ ಹೊರಿಸುವ ಚಾಳಿಯೂ ಒಂದಿದೆ. ಉಚಿತ ವಿದ್ಯುತ್ತಿನ ನೀತಿಯನ್ನಾಗಲಿ, ಕೆರೆ ಒತ್ತುವರಿಯನ್ನಾಗಲಿ ಇಕೋ ಕ್ಲಬ್ ಸರಿಪಡಿಸಲಾರದು.

ರಾಜಧಾನಿಯ ಓದುಗರೂ ಇದರಿಂದ ಹೊರಗಿಲ್ಲ. ಹೆಬ್ಬಾಳ-ನಾಗವಾರ ಕಣಿವೆ ಯೋಜನೆ ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರನ್ನು ಚಿಕ್ಕಬಳ್ಳಾಪುರದ ಕೆರೆಗಳಿಗೆ ಹರಿಸುತ್ತದೆ. ದಿನಕ್ಕೆ 210 ದಶಲಕ್ಷ ಲೀಟರ್, 65 ಕೆರೆ ಎಂಬುದು ಅದರ ಮೂಲ ಗುರಿ. ಎರಡನೇ ಹಂತದವರೆಗಿನ ಈ ಶುದ್ಧೀಕರಣ ಸಾರಜನಕ, ರಂಜಕಗಳನ್ನು ಪೂರ್ತಿ ತೆಗೆಯುವುದಿಲ್ಲ. ಮೂರನೇ ಹಂತವೂ ಬೇಕೆಂಬುದು ಇಲ್ಲಿನ ನೀರಾವರಿ ಹೋರಾಟಗಾರರ ಬೇಡಿಕೆ. ಹೆಬ್ಬಾಳದ ಬಚ್ಚಲಿನಲ್ಲಿ ಸುರಿದ ಮಾರ್ಜಕದ ಅಂಶ ಹೀಗೆ ಇನ್ನೊಂದು ಜಿಲ್ಲೆಯ ಅಂತರ್ಜಲದ ಪ್ರಶ್ನೆಯಾಗುತ್ತದೆ. ನಂದಿಬೆಟ್ಟಕ್ಕೆ ಪ್ರವಾಸ ಬರುವ ಬೆಂಗಳೂರಿನ ಶಾಲೆಗಳು ಮಕ್ಕಳನ್ನು ಚಿಕ್ಕಬಳ್ಳಾಪುರದ ಕಂದವಾರ ಕೆರೆಯ ಏರಿಗೂ ಕರೆತರಲಿ. ದಾರಿ ಹೆಚ್ಚೇನೂ ದೂರವಿಲ್ಲ.