ಸೋತ ಕಾರು ಮರಳಿ ಬಂತು

ರಸ್ತೆಯ ಮೇಲೆ ಗಂಟೆಗೆ 100 ಕಿಲೊಮೀಟರ್ ವೇಗವನ್ನು ಮೊದಲು ದಾಟಿದ ವಾಹನ ಯಾವುದು? ಪೆಟ್ರೋಲ್ ಕಾರು ಎಂದರೆ ಉತ್ತರ ತಪ್ಪು. 1899ರಲ್ಲಿ ಬೆಲ್ಜಿಯಂನ ಕಮಿಲ್ ಜೆನಾಟ್ಸಿ ಫ್ರಾನ್ಸಿನಲ್ಲಿ ಓಡಿಸಿದ ಆ ವಾಹನಕ್ಕಿದ್ದುದು ಬ್ಯಾಟರಿ ಮತ್ತು ಮೋಟಾರು. ಅಮೆರಿಕದಲ್ಲೂ ಆಗ ಸುಮಾರು ಮೂರರಲ್ಲೊಂದು ಕಾರು ವಿದ್ಯುತ್ತಿನಿಂದಲೇ ಓಡುತ್ತಿತ್ತು.

ಕಾರಣ ಸರಳ. ಪೆಟ್ರೋಲ್ ಕಾರನ್ನು ಹೊರಡಿಸಲು ಅದರ ಮುಂದೆ ನಿಂತು ಕಬ್ಬಿಣದ ಹ್ಯಾಂಡಲ್ ತಿರುಗಿಸಬೇಕಿತ್ತು. ಎಂಜಿನ್ ತಟ್ಟನೆ ಹಿಂದಕ್ಕೆ ಒದ್ದರೆ ಕೈಮೂಳೆಗೇ ಸಂಚಕಾರ. ಹೊಗೆ, ಗದ್ದಲ ಬೇರೆ. ಹೆನ್ರಿ ಫೋರ್ಡ್ ಊರಿಗೆಲ್ಲ ಪೆಟ್ರೋಲ್ ಕಾರು ಮಾರುತ್ತಿದ್ದಾಗ ಅವರ ಪತ್ನಿ ಕ್ಲಾರಾ ಓಡಿಸುತ್ತಿದ್ದುದು ‘ಡೆಟ್ರಾಯಿಟ್ ಎಲೆಕ್ಟ್ರಿಕ್’ ಎಂಬ ಬ್ಯಾಟರಿ ಕಾರನ್ನು!

ಹಾಗಿದ್ದರೆ ಅದು ಸೋತದ್ದೇಕೆ? 1908ರಲ್ಲಿ ಬಂದ ಫೋರ್ಡರ ‘ಮಾಡೆಲ್ ಟಿ’ ವರ್ಷದಿಂದ ವರ್ಷಕ್ಕೆ ಅಗ್ಗವಾಯಿತು. 1912ರಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಸೆಲ್ಫ್ ಸ್ಟಾರ್ಟರ್ ಕ್ಯಾಡಿಲಾಕ್ ಕಾರಿಗೆ ಬಂತು. ಸ್ಟಾರ್ಟರ್ ಎಂದರೆ ಪುಟ್ಟದೊಂದು ವಿದ್ಯುತ್ ಮೋಟಾರು ತಾನೆ? ವಿದ್ಯುತ್ ಕಾರನ್ನು ಸೋಲಿಸಲು ವಿದ್ಯುತ್ತೇ ಎದುರಾಳಿಗೆ ನೆರವಾಯಿತು.

ಮೂಲ ತೊಡಕು ಬ್ಯಾಟರಿಯ ತೂಕದ್ದು. ಒಂದು ಕಿಲೊ ಪೆಟ್ರೋಲಿನಲ್ಲಿ ಸುಮಾರು 12,000 ವಾಟ್-ಗಂಟೆಯಷ್ಟು ಶಕ್ತಿಯಿದೆ. ಒಂದು ಕಿಲೊ ಸೀಸದ ಬ್ಯಾಟರಿಯಲ್ಲಿ ಬರೀ 30-40. ಬೆಂಗಳೂರಿನ ಚೇತನ್ ಮೈನಿ 2001ರಲ್ಲಿ ರಸ್ತೆಗಿಳಿಸಿದ ಪುಟಾಣಿ ‘ರೇವಾ’ ಈ ಸೀಸದ ಭಾರ ಹೊತ್ತೇ ಓಡಬೇಕಾಯಿತು. ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 80 ಕಿಲೊಮೀಟರ್. ಲಂಡನ್ನಿನಲ್ಲಿ ಅದು ‘ಜಿ-ವಿಜ್’ ಎಂಬ ಹೆಸರಿನಲ್ಲಿ ಓಡಾಡಿತು. ನಮ್ಮಲ್ಲಿ ನೋಡಿದವರು ಬಹಳ, ಕೊಂಡವರು ಕಡಿಮೆ.

1991ರಲ್ಲಿ ಸೋನಿ ಕಂಪನಿ ಮಾರುಕಟ್ಟೆಗೆ ತಂದ ಲಿಥಿಯಂ ಅಯಾನ್ ಬ್ಯಾಟರಿ ಆಟವನ್ನು ಬದಲಿಸಿತು. ಇಂದಿನ ಕಾರುಗಳಲ್ಲಿ ಅದು ಕಿಲೊಗೆ 150ರಿಂದ 250 ವಾಟ್-ಗಂಟೆ ಹಿಡಿದಿಡುತ್ತದೆ. ಪೆಟ್ರೋಲಿಗೆ ಇನ್ನೂ ಸಾಟಿಯಲ್ಲ, ನಿಜ. ಆದರೆ ಪೆಟ್ರೋಲ್ ಕಾರು ತಾನು ಕುಡಿದ ಶಕ್ತಿಯಲ್ಲಿ ಮುಕ್ಕಾಲು ಪಾಲನ್ನು ಬಿಸಿಯಾಗಿ ಚೆಲ್ಲಿಬಿಡುತ್ತದೆ. ಮೋಟಾರು ಹಾಗೆ ಪೋಲು ಮಾಡುವುದಿಲ್ಲ. ಬ್ರೇಕ್ ಹಾಕಿದಾಗಲೂ ಒಂದಿಷ್ಟನ್ನು ಬ್ಯಾಟರಿಗೆ ಮರಳಿಸುತ್ತದೆ. ತೆರಿಗೆ ವಿನಾಯಿತಿ ಕೊಟ್ಟ ನಾರ್ವೆಯಲ್ಲಿ 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ವಿದ್ಯುತ್ತಿನವು.

ಕಾರು ಬದಲಾದರೆ ಅದರ ಸುತ್ತಲಿನ ಬದುಕೂ ಬದಲಾಗುತ್ತದೆ. ಯಜಮಾನ ಮಲಗಿದಾಗ ಕಾರು ಉಣ್ಣುತ್ತದೆ; ಬಂಕಿನ ಸಾಲು ತಪ್ಪುತ್ತದೆ. ಸ್ವಂತ ಮನೆಯವರಿಗೆ ಇದು ಸಲೀಸು. ವಠಾರದ ಬಾಡಿಗೆದಾರ ಪ್ಲಗ್ಗನ್ನು ಎಲ್ಲಿ ಹುಡುಕಬೇಕು? ಸದ್ದಿಲ್ಲದೆ ಬರುವ ಕಾರು ಕಣ್ಣು ಕಾಣದವರಿಗೆ ಅಪಾಯವೆಂದು ಯುರೋಪಿನಲ್ಲಿ 2019ರಿಂದ ಹೊಸ ಮಾದರಿಗಳು ನಿಧಾನವಾಗಿ ಚಲಿಸುವಾಗ ಕೃತಕ ಸದ್ದು ಮಾಡಲೇಬೇಕು! ಇನ್ನು ಹೊಗೆ? ಕಾರಿನ ಹಿಂದೆ ಇಲ್ಲದಿದ್ದರೂ ಕಲ್ಲಿದ್ದಲು ಉರಿಸುವ ವಿದ್ಯುತ್ ಸ್ಥಾವರದಲ್ಲಿ ಇದ್ದೇ ಇದೆ. ಬಿಸಿಲು, ಗಾಳಿಯ ವಿದ್ಯುತ್ತು ಹೆಚ್ಚಿದಷ್ಟೂ ಕಾರು ಶುದ್ಧವಾಗುತ್ತದೆ.

ಮುಖ್ಯ ಪ್ರಶ್ನೆ ಗ್ಯಾರೇಜಿನದು. ಎಂಜಿನ್ ಆಯಿಲ್, ಸ್ಪಾರ್ಕ್ ಪ್ಲಗ್, ಕ್ಲಚ್, ಸೈಲೆನ್ಸರ್, ಇವ್ಯಾವುವೂ ಬೇಡವಾದರೆ ಇವನ್ನೇ ನಂಬಿದ ಕೈಗಳಿಗೆ ಕೆಲಸವೇನು? ಹಳೆಯ ಕಾರುಗಳು ಇನ್ನೂ ಹಲವು ವರ್ಷ ಓಡಲಿವೆ, ಹಾಗಾಗಿ ಗಾಬರಿ ಬೇಡ. ಆದರೆ ಇಂದು ಐಟಿಐ ಸೇರುವ ಹುಡುಗ ದುಡಿಯಬೇಕಾದದ್ದು ಮೂವತ್ತು-ನಲವತ್ತು ವರ್ಷ. ಮಗನನ್ನೋ ಮಗಳನ್ನೋ ಮೆಕ್ಯಾನಿಕ್ ಕಸುಬಿಗೆ ಹಾಕುವ ತಂದೆತಾಯಿ ಅಲ್ಲಿ ಬ್ಯಾಟರಿ, ಮೋಟಾರು, ಕಂಟ್ರೋಲರ್ ಕಲಿಸುತ್ತಾರೆಯೇ ಎಂದು ಕೇಳಿಕೊಳ್ಳಲಿ. ಸ್ಪ್ಯಾನರ್ ಹಿಡಿಯುವ ಕೈಗೆ ಮಲ್ಟಿಮೀಟರ್ ಹಿಡಿಯಲೂ ಬರಬೇಕಾದ ಕಾಲವಿದು.