ಮನೆಯ ಲೆಕ್ಕ: ಒಂದೇ ಷೇರು, ಮೂರು ಧಾರಣೆ

ಗುಜರಾತಿಗೆ ಬಂದ ಕನ್ನಡಿಗರು ಬಹು ಬೇಗ ಕಲಿಯುವ ಮಾತು ‘ಭಾವ್’. ನಮ್ಮಲ್ಲಿ ಭಾವ ಮನಸ್ಸಿನದು, ಇಲ್ಲವೆ ಅಕ್ಕನ ಗಂಡ. ಇಲ್ಲಿಯವರಿಗೆ ಅದು ಪೇಟೆಯ ಧಾರಣೆ. ಅಹಮದಾಬಾದಿನಲ್ಲಿ 1894ರಲ್ಲೇ ಷೇರು ವಿನಿಮಯ ಕೇಂದ್ರ ಹುಟ್ಟಿತು, ವಡೋದರಾದಲ್ಲಿ 1990ರಲ್ಲಿ. ಕಾಲಕ್ರಮದಲ್ಲಿ ಎರಡೂ ಮುಚ್ಚಿದವು. ಈಗ ಷೇರಿನ ಭಾವ್ ಮುಂಬಯಿಯಿಂದ ನೇರವಾಗಿ ನಮ್ಮ ಅಂಗೈಯ ಫೋನಿಗೇ ಬರುತ್ತದೆ.

ಅಲ್ಲಿಯೇ ಒಂದು ಗೊಂದಲವೂ ಉಂಟು. ಪೇಟೆ ಮುಚ್ಚುವ ಗಳಿಗೆಯಲ್ಲಿ ಕಂಡ ದರ ಒಂದು. ಸಂಜೆ ಮುಕ್ತಾಯ ದರವೆಂದು ದಾಖಲಾದದ್ದು ಇನ್ನೊಂದು. ಕೆಲವು ವರ್ಷಗಳ ಮೇಲೆ ಹಳೆಯ ಪಟ್ಟಿ ತೆರೆದರೆ ಅದೇ ದಿನಕ್ಕೆ ಮತ್ತೊಂದು. ಯಾರೋ ಕೈಯಾಡಿಸಿದ್ದಾರೆಂದು ಗಾಬರಿ ಬೇಡ. ಮೂರೂ ನಿಜವೇ, ಆದರೆ ಒಂದೊಂದೂ ಬೇರೆ ಪ್ರಶ್ನೆಗೆ ಉತ್ತರ.

ಸೂರತ್ತಿನ ಜವಳಿ ಪೇಟೆಯನ್ನು ನೆನೆಯಿರಿ. ಬಾಗಿಲು ಹಾಕುವ ಹೊತ್ತಿಗೆ ಒಬ್ಬ ಗಿರಾಕಿ ಚೌಕಾಶಿ ಮಾಡಿ ಕೊಂಡ ಒಂದು ಸೀರೆಯ ಬೆಲೆಯನ್ನೇ ಆ ದಿನದ ಧಾರಣೆ ಎನ್ನಲಾದೀತೆ? ಆದ್ದರಿಂದಲೇ ಷೇರು ಪೇಟೆಯಲ್ಲಿ, ಕೊನೆಯ ಅರ್ಧ ಗಂಟೆಯ ವ್ಯಾಪಾರವನ್ನೆಲ್ಲ ಸೇರಿಸಿ, ಮಾರಾಟವಾದ ಷೇರುಗಳ ಸಂಖ್ಯೆಗೆ ತಕ್ಕಂತೆ ಸರಾಸರಿ ತೆಗೆದು, ಅದನ್ನು ಮುಕ್ತಾಯ ದರವೆನ್ನುವ ಪದ್ಧತಿ ಬಹುಕಾಲದಿಂದ ನಡೆದುಬಂದಿತು.

ಮೂರನೆಯದಕ್ಕೆ ಕಾರಣ ಬೋನಸ್. ನಮ್ಮ ಬೆಂಗಳೂರಿನ ಇನ್ಫೋಸಿಸ್ 2018ರ ಸೆಪ್ಟೆಂಬರಿನಲ್ಲಿ ಒಂದು ಷೇರಿಗೆ ಒಂದು ಬೋನಸ್ ಷೇರು ಕೊಟ್ಟಿತು. ನೂರಿದ್ದವು ಇನ್ನೂರಾದವು; ಒಂದೊಂದರ ಬೆಲೆ ಸುಮಾರು ಅರ್ಧಕ್ಕಿಳಿಯಿತು. ರೊಟ್ಟಿಯನ್ನು ಎರಡು ಮಾಡಿದರೆ ಹಿಟ್ಟು ಕಡಿಮೆಯಾಗುವುದಿಲ್ಲವಷ್ಟೆ. ಇದು ನಷ್ಟದಂತೆ ತೋರಬಾರದೆಂದು ಅನೇಕ ಪಟ್ಟಿಗಳಲ್ಲಿ ಹಿಂದಿನ ದರಗಳನ್ನೂ ಅರ್ಧ ಮಾಡಿರುತ್ತಾರೆ.

ಸಂಸಾರಸ್ಥರಿಗೆ ಪೆಟ್ಟು ಬೀಳುವುದು ತೆರಿಗೆಯ ಹೊತ್ತಿಗೆ. 2018ರ ಬಜೆಟ್ಟಿನಲ್ಲಿ ಬಂದ ನಿಯಮದಂತೆ, ಆ ವರ್ಷದ ಜನವರಿ 31ಕ್ಕೆ ಮುಂಚೆ ಕಡಿಮೆ ಬೆಲೆಗೆ ಕೊಂಡ ಷೇರನ್ನು ಮಾರುವಾಗ, ಆ ದಿನ ಪೇಟೆಯಲ್ಲಿ ಮುಟ್ಟಿದ ಅತ್ಯಧಿಕ ದರವನ್ನು, ಮಾರಿದ ಬೆಲೆಯನ್ನು ಮೀರದಂತೆ, ಅಸಲೆಂದು ಹಿಡಿಯಬಹುದು. ಮುಕ್ತಾಯ ದರವಲ್ಲ, ದಿನದ ಅತ್ಯಧಿಕ ದರ ಎಂಬುದನ್ನು ಗಮನಿಸಬೇಕು. ಅಂದು 1,000 ರೂಪಾಯಿ ಮುಟ್ಟಿದ್ದ ಷೇರನ್ನು ಈಗ 1,400ಕ್ಕೆ ಮಾರಿದಿರೆನ್ನಿ. ಲೆಕ್ಕದ ಲಾಭ 400. ಬೋನಸ್ಸಿಗಾಗಿ ತಿದ್ದಿದ ಪಟ್ಟಿ ನೋಡಿ ಅಸಲು 500 ಎಂದು ಬರೆದರೆ ಲಾಭ 900! ನೂರು ಷೇರಿಗೆ 50,000 ರೂಪಾಯಿಯ ಇಲ್ಲದ ಲಾಭ. ಆ ದಿನಾಂಕದ ಮೇಲೆ ಬಂದ ಬೋನಸ್ ಷೇರಿಗಾದರೋ ಅಸಲು ಸೊನ್ನೆ. ಮುಖಬೆಲೆ ಒಡೆದ ಷೇರಿನಲ್ಲಿ ಮಾತ್ರ ಹಳೆಯ ದರವನ್ನೂ ಅದೇ ಪ್ರಮಾಣದಲ್ಲಿ ಭಾಗಿಸಬೇಕು.

ಆದ್ದರಿಂದ ಹಳೆಯ ದರ ಬೇಕಾದಾಗ ಬಣ್ಣದ ನಕ್ಷೆಯನ್ನು ನಂಬದೆ, ವಿನಿಮಯ ಕೇಂದ್ರ ದಿನದಿನವೂ ಹೊರಡಿಸುವ ‘ಭಾವ್ ಕಾಪಿ’ಯನ್ನು ನೋಡಿ, ಅದರಲ್ಲಿ ಅಂದಿನ ದರ ಅಂದಿನಂತೆಯೇ ಇರುತ್ತದೆ. ನೀವು ಕೊಂಡ ಬೆಲೆಗೆ ದಲ್ಲಾಳಿ ಕಳುಹಿಸಿದ ಕಾಂಟ್ರಾಕ್ಟ್ ನೋಟೇ ಸಾಕ್ಷಿ. ಅದನ್ನು ಮನೆಯ ಪತ್ರಗಳೊಡನೆ ಜೋಪಾನವಾಗಿಟ್ಟು, ಇಟ್ಟ ಜಾಗವನ್ನು ಮನೆಯವರಿಗೂ ತಿಳಿಸಿರಿ.